ಪೀಟ್ ನೆಲದಿಂದ ಹೊರಬರುವ ಹಸಿರುಮನೆ ಅನಿಲವನ್ನು ಅಳೆಯುವುದು ಹೇಗೆ?

ಪೀಟ್ ಅಂದರೆ ನೀರಿನಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತ ಗಿಡಗಳ ಉಳಿಕೆ. ಅಳೆಯಲು ಸುಲಭದ ದಾರಿ ಚೇಂಬರ್. ನೆಲದಲ್ಲಿ ಮೊದಲೇ ಹೂತಿಟ್ಟ ಬಳೆಯ ಮೇಲೆ ಡಬ್ಬಿ ಬೋರಲು ಹಾಕಿ, ಒಳಗೆ ಕಾರ್ಬನ್ ಡೈಆಕ್ಸೈಡ್, ಮೀಥೇನ್ ಎಷ್ಟು ಬೇಗ ಏರುತ್ತವೆ ಎಂದು ಕೆಲವು ನಿಮಿಷ ನೋಡುತ್ತಾರೆ. ಪಕ್ಕದಲ್ಲಿ ಸುಮ್ನೆ ಕಾಲಿಟ್ಟರೂ ಮೀಥೇನ್ ಗುಳ್ಳೆಗಳು ಬುಳುಬುಳು ಎದ್ದು ಲೆಕ್ಕವೇ ಕೆಡುತ್ತದೆ. ಅದಕ್ಕೇ ಹಲಗೆ ಹಾಸಿ ಅದರ ಮೇಲೆ ನಡೆಯುತ್ತಾರೆ.

ದೊಡ್ಡ ಜಾಗಕ್ಕೆ ಎಡ್ಡಿ ಕೋವೇರಿಯನ್ಸ್: ಕಂಬದ ಮೇಲಿನ ಉಪಕರಣ ಗಾಳಿಯ ಸುಳಿಗಳನ್ನೂ ಅವು ಹೊತ್ತ ಅನಿಲವನ್ನೂ ಸೆಕೆಂಡಿಗೆ 10–20 ಸಲ ಅಳೆಯುತ್ತದೆ. ಇದ್ಯಾವುದೂ ಆಗದಿದ್ದರೆ ನೀರಿನ ಮಟ್ಟದಿಂದಲೇ ಅಂದಾಜು ಮಾಡಬಹುದು. ಸಾಮಾನ್ಯವಾಗಿ ನೀರು ಕೆಳಗಿಳಿದಷ್ಟೂ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಮೀಥೇನ್ ಕಮ್ಮಿ. ಒಂದೇ ದಿನದ ಅಳತೆಯನ್ನು ಮಾತ್ರ ದಯವಿಟ್ಟು ನಂಬಬೇಡಿ, ವರ್ಷವಿಡೀ ಅಳೆಯಬೇಕು.