ಮಿಷನರಿಗಳು ಆಸ್ಪತ್ರೆ ಕಟ್ಟುವುದು ಬಿಟ್ಟು ಹಳ್ಳಿಯವರಿಗೇ ಆರೋಗ್ಯ ತರಬೇತಿ ಕೊಟ್ಟರೆ ಏನು ಉಪಯೋಗ?

ಮಹಾರಾಷ್ಟ್ರದ ಜಾಮಖೇಡ್ ಕಥೆ ನೋಡಿದರೆ ಗೊತ್ತಾಗುತ್ತದೆ. ರಜನಿಕಾಂತ್ ಮತ್ತು ಮೇಬಲ್ ಆರೋಳೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾಕ್ಟರ್ ದಂಪತಿ. 1970ರಲ್ಲಿ ಆ ಬರದ ಊರಿಗೆ ಬಂದರು. ಆಸ್ಪತ್ರೆಯಲ್ಲಿ ಕೂತು ಔಷಧಿ ಕೊಟ್ಟರೆ ಅದೇ ಮಗು ಅದೇ ಭೇದಿಯಿಂದ ಮತ್ತೆ ಬರುತ್ತದೆ, ಅಲ್ವಾ? ಕೊಳಕು ನೀರು, ಅರೆಹೊಟ್ಟೆ ಹಾಗೇ ಇರುತ್ತವಲ್ಲ.

ಅದಕ್ಕೇ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿದರು. ಅವರಲ್ಲಿ ಎಷ್ಟೋ ಜನ ಓದು ಬರದವರು, ದಲಿತರೂ ಇದ್ದರು. ಉಪ್ಪು ಸಕ್ಕರೆ ನೀರು ಮಾಡಿ ಕುಡಿಸುವುದು, ಶುಚಿಯಾಗಿ ಹೆರಿಗೆ ಮಾಡಿಸುವುದು, ಕುಷ್ಠರೋಗದ ಗುರುತು ಹಿಡಿಯುವುದು, ಎಲ್ಲ ಕಲಿತರು. ನನಗೆ ಜಾಸ್ತಿ ಇಷ್ಟವಾಗುವುದು ಬೋರ್‌ವೆಲ್ ಸಂಗತಿ. ಅದನ್ನು ದಲಿತರ ಕೇರಿಯಲ್ಲೇ ಕೊರೆಸಿದರು. ನೀರು ಬೇಕಾದ ಮೇಲ್ಜಾತಿಯವರು ಅಲ್ಲಿಗೇ ಬರಬೇಕಾಯಿತು. ಭಾಷಣದಿಂದ ಆಗದ್ದು ಕೊಡದಿಂದ ಆಯಿತು!

ಇದೆಲ್ಲ ಸುಮ್ನೆ ಮತಾಂತರಕ್ಕೆ ಅನ್ನುವವರಿದ್ದಾರೆ. ಕೆಲವು ಮಿಷನ್‌ಗಳ ಮಟ್ಟಿಗೆ ಆ ಪ್ರಶ್ನೆ ನ್ಯಾಯವೇ. ಆದರೆ ಇಲ್ಲಿನ ಕಾರ್ಯಕರ್ತೆಯರಲ್ಲಿ ಹಿಂದೂಗಳೇ ಹೆಚ್ಚು. ದಂಪತಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.