ಪಾರ್ 5ರಲ್ಲಿ 2 ಹೊಡೆತ: ಆಲ್ಬಟ್ರಾಸೋ ಕಾಂಡಾರೋ?

ಗಾಲ್ಫ್‌ನಲ್ಲಿ ಪಾರ್ 5 (ಐದು ಹೊಡೆತ ನಿಗದಿಯಾದ) ಹೋಲನ್ನು 2 ಹೊಡೆತಕ್ಕೇ ಮುಗಿಸಿದಿರಿ, ಆ್ಯಪ್ 'ಕಾಂಡಾರ್' ಅಂದಿತು, ಜೊತೆಯವರು 'ಡಬಲ್ ಈಗಲ್' ಅಂದರು, ಯಾವುದು ಸರಿ ಅಂತ ಕೇಳಿದ್ದೀರಿ. ನಿಮ್ಮ ಆ್ಯಪ್ ನೆಟ್ ಸ್ಕೋರ್ (ರಿಯಾಯಿತಿ ಕಳೆದ ಎಣಿಕೆ) ಹಿಡಿದು ಹೆಸರು ಕೊಡ್ತಿರಬೇಕು, ಗೊಂದಲ ಬಹುಶಃ ಅಲ್ಲೇ. ನಿಮ್ಮ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ) 18 ಅಂದಿದ್ದೀರಿ. ಅಂದರೆ 18 ಹೋಲ್‌ಗಳ ಆಟದಲ್ಲಿ ಪ್ರತಿ ಹೋಲ್‌ಗೂ ಒಂದು ಸ್ಟ್ರೋಕ್ (ಹೊಡೆತ) ರಿಯಾಯಿತಿ. 2ರಲ್ಲಿ ಒಂದು ಕಳೆದು 1 ಆಯ್ತು, ಪಾರ್‌ಗಿಂತ 4 ಕಡಿಮೆ, ಅದಕ್ಕೇ 'ಕಾಂಡಾರ್' ಅಂತ ತೋರಿಸಿದೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಗ್ರಾಸ್ ಸ್ಕೋರ್, ಅಂದರೆ ರಿಯಾಯಿತಿ ಕಳೆಯದ ಎಣಿಕೆ, ಆರಿಸಿ (ಆಯ್ಕೆಯ ಹೆಸರು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ ಇರಬಹುದು). ಆಮೇಲೆ ನೀವು ಆಡಿದ ಟೀಗೆ (ಮೊದಲ ಹೊಡೆತ ಹೊಡೆಯುವ ಜಾಗ) ಸ್ಕೋರ್ ಕಾರ್ಡಿನಲ್ಲಿ ಪಾರ್ ಎಷ್ಟಿದೆ ನೋಡಿ. ಕೆಲವು ಕೋರ್ಸ್‌ಗಳಲ್ಲಿ ಒಂದೇ ಹೋಲ್ ಒಂದು ಟೀಯಿಂದ ಪಾರ್ 5, ಇನ್ನೊಂದರಿಂದ ಪಾರ್ 4. ಪೆನಾಲ್ಟಿ (ದಂಡದ ಹೊಡೆತ) ಏನೂ ಬಿದ್ದಿಲ್ಲ ತಾನೆ? ಒಂದು ಬಿದ್ದಿದ್ದರೂ 3 ಆಗಿ ಈಗಲ್‌ಗೆ (ಪಾರ್‌ಗಿಂತ 2 ಕಡಿಮೆ) ಇಳಿಯುತ್ತೆ.

ಇದೆಲ್ಲ ಸರಿಯಿದ್ದರೆ ನಿಮ್ಮದು ಆಲ್ಬಟ್ರಾಸ್, ಪಾರ್‌ಗಿಂತ 3 ಕಡಿಮೆ. ಜೊತೆಯವರು ಹೇಳಿದ 'ಡಬಲ್ ಈಗಲ್' ಕೂಡ ಇದೇ, ಅಮೆರಿಕದವರ ಮಾತು. ಲೆಕ್ಕಕ್ಕೆ ಕೂರದ ಹೆಸರು ಬಿಡಿ: ಎರಡು ಈಗಲ್ ಅಂದರೆ 4 ಆಗಬೇಕಿತ್ತಲ್ಲ! 1935ರ ಮಾಸ್ಟರ್ಸ್ ಟೂರ್ನಿಯ 15ನೇ ಹೋಲ್‌ನಲ್ಲಿ ಗಾಲ್ಫರ್ ಜೀನ್ ಸಾರಜೆನ್ ಹೊಡೆದದ್ದೂ ಇದನ್ನೇ, ಪಾರ್ 5ರಲ್ಲಿ 2. ಪಾರ್ 4ರಲ್ಲಿ ಹೋಲ್ ಇನ್ ಒನ್ (ಒಂದೇ ಏಟಿಗೆ ಹೋಲ್ ಮುಗಿಯುವುದು) ಆದರೂ ಆಲ್ಬಟ್ರಾಸೇ. ಕಾಂಡಾರ್‌ಗೆ ಪಾರ್ 5ರಲ್ಲಿ ಒಂದೇ ಏಟಿಗೆ ಚೆಂಡು ಕುಳಿಗೆ ಬೀಳಬೇಕು.

ಕಾರ್ಡಿನಲ್ಲಿ 2 ಅಂತಲೇ ಬರೆಯಿರಿ, 1 ಬೇಡ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ನಿಜಕ್ಕಿಂತ ಕಡಿಮೆ ಬರೆದು ಕೊಟ್ಟರೆ ಅನರ್ಹರಾಗ್ತೀರಿ. ಸ್ಟೇಬಲ್‌ಫೋರ್ಡ್ (ಪ್ರತಿ ಹೋಲ್‌ಗೆ ಪಾಯಿಂಟ್ ಕೊಡುವ ಆಟ) ಆಡಿದ್ದರೆ ಆ ನೆಟ್ 1 ಕೆಲಸಕ್ಕೆ ಬರುತ್ತೆ: 6 ಪಾಯಿಂಟ್. ಮಾರ್ಕರ್ (ನಿಮ್ಮ ಸ್ಕೋರ್ ಬರೆದುಕೊಂಡವರು) ಸಹಿ ಹಾಕಿಸಿಕೊಂಡು ಕಾರ್ಡ್ ಕೊಡಿ.