ಮಾಮೂಲಿ ಮೆಕ್ಯಾನಿಕಲ್ ಕೀಬೋರ್ಡನ್ನು ಎರಡು ಹೋಳು ಮಾಡಿ ಸ್ಪ್ಲಿಟ್ ಮಾಡಿಕೊಳ್ಳಬಹುದಾ?

ಮಾಡಬಹುದು. ಆದರೆ ಗರಗಸ ಹಿಡಿದು ಸರ್ಕ್ಯೂಟ್ ಬೋರ್ಡನ್ನೇ ಕೊಯ್ಯಬೇಡಿ. ಅದರ ತಾಮ್ರದ ಗೆರೆಗಳು ಈ ತುದಿಯಿಂದ ಆ ತುದಿಗೆ ಹರಿದಿರುತ್ತವೆ, ಕೊಯ್ದರೆ ಕೀಗಳು ಸತ್ತವು ಅಂತಲೇ ಲೆಕ್ಕ. ಕೀಗಳ ಸ್ವಿಚ್, ಅದರ ಮೇಲಿನ ಕ್ಯಾಪ್ ಮಾತ್ರ ಬಿಚ್ಚಿಕೊಂಡು ಎರಡು ಹೊಸ ಹಲಗೆಗಳಲ್ಲಿ ಕೂರಿಸಿ.

ನಾನು ತೀರ್ಥಹಳ್ಳಿಯ ಮನೆಯಲ್ಲಿ ಸುಮ್ನೆ ಬಿದ್ದಿದ್ದ 3 ಮಿ.ಮೀ. ಪ್ಲೈವುಡ್‌ನಲ್ಲಿ 14 ಮಿ.ಮೀ. ಚೌಕದ ತೂತು ಕೊರೆದೆ. ಒಂದು ತೂತಿನ ನಡುವಿಂದ ಮುಂದಿನದರ ನಡುವಿಗೆ 19.05 ಮಿ.ಮೀ. ಸ್ವಿಚ್‌ನ ಕ್ಲಿಪ್ ಕಚ್ಚಿಕೊಳ್ಳಲು ಹಲಗೆ 1.5 ಮಿ.ಮೀ. ಇರಬೇಕಿತ್ತು, ಕೊನೆಗೆ ಗ್ಲೂ ಗನ್ನೇ ಗತಿಯಾಯಿತು!

ಪ್ರತಿ ಸ್ವಿಚ್ಚಿಗೂ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು 1ಎನ್4148 ಡಯೋಡ್, ಎಲ್ಲವೂ ಒಂದೇ ದಿಕ್ಕಿಗೆ. ಒಂದೊಂದು ಹೋಳಿಗೂ ಒಂದು ಪ್ರೋ ಮೈಕ್ರೋ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡ್, ಅದಕ್ಕೆ ಕೀಬೋರ್ಡ್ ನಡೆಸುವ ಕ್ಯೂಎಂಕೆ ಫರ್ಮ್‌ವೇರ್. ಎರಡನ್ನೂ ಜೋಡಿಸುವ ಟಿಆರ್‌ಆರ್‌ಎಸ್ ಕೇಬಲನ್ನು (ಹೆಡ್‌ಫೋನ್ ಪಿನ್ನಿನಂಥದ್ದು) ಯುಎಸ್‌ಬಿ ಹಾಕಿರುವಾಗ ಕೀಳಬೇಡಿ, ಶಾರ್ಟ್ ಆಗಬಹುದು. ಬೆಸುಗೆ ಹಾಕಿದ ಮೇಲೆ ಉಳಿಯುವ ಫ್ಲಕ್ಸ್ ಅಂಟನ್ನು ಚೆನ್ನಾಗಿ ಒರೆಸಿ, ನಮ್ಮ ಮಳೆಗಾಲದ ಥಂಡಿ ಗೊತ್ತಲ್ವಾ?